ಗೆರೆ ಎಳೆದವರೊಡನೆ ನಾಲ್ಕು ಮಾತು

ಪಾಠ ನಡೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಅದುಮಿಟ್ಟ ನಗೆಯೊಂದು ಕೇಳಿಬಂದರೆ, ಅಲ್ಲಿ ಪಾಠಕ್ಕಿಂತ ಸ್ವಾರಸ್ಯವಾದುದೇನೋ ನಡೆಯುತ್ತಿದೆಯೆಂದು ಉಪಾಧ್ಯಾಯನು ತಿಳಿದುಕೊಳ್ಳಬೇಕು. ನಾನು ಈ ವೃತ್ತಿಗೆ ಸೇರಿದ ಹೊಸತರಲ್ಲಿ ಒಂದು ಮಧ್ಯಾಹ್ನ ಹಳೆಗನ್ನಡ ಪದ್ಯವೊಂದರ ಅನ್ವಯವನ್ನು ಬಿಡಿಸಿ ಹೇಳುತ್ತಿದ್ದಾಗ ಅಂಥ ನಗೆ ಕೇಳಿಸಿತು. ಹೋಗಿ ನೋಡಿದರೆ, ಎಂಟು ಹತ್ತು ಹಾಳೆಗಳನ್ನು ಮಡಿಸಿ ದಾರದಿಂದ ಹೊಲಿದ ಕಿರುಪುಸ್ತಕವೊಂದು ಕೈಯಿಂದ ಕೈಗೆ ಸಾಗುತ್ತಿತ್ತು. ಪುಟಕ್ಕೆ ಆರು ಚೌಕಗಳು. ಚೌಕಗಳೊಳಗೆ ಒಂದು ಆನೆ. ಆನೆಯ ಬಾಯಿಂದ ಹೊರಟ ಗುಳ್ಳೆಯೊಳಗೆ ಅದರ ಮಾತು.

“ಇದನ್ನು ಬರೆದವರು ಯಾರು?” ಎಂದು ಗದರಿಸಿದೆ. ತರಗತಿಯೆಲ್ಲ ಮೌನವಾಯಿತು. ಎರಡನೆಯ ಸಲ ಗದರಿಸಿದೆ. ಮೌನವು ಇನ್ನಷ್ಟು ಗಟ್ಟಿಯಾಯಿತು. ಬೇರೇನೂ ತೋಚದೆ ಪುಟ ತಿರುವಿದೆ. ಸುರಿಯುವ ಮಳೆಯಲ್ಲಿ ನಿಂತಿದ್ದ ಆ ಮಹಾಗಜದ ನೆತ್ತಿಯ ಮೇಲೆ ಅಂಗೈಯಗಲದ ಒಂದು ಕೊಡೆ! ನನಗೂ ನಗು ತಡೆಯಲಾಗಲಿಲ್ಲ. “ಅಲ್ಲಯ್ಯಾ, ಇಷ್ಟು ದೊಡ್ಡ ಆನೆಗೆ ಇಷ್ಟು ಚಿಕ್ಕ ಕೊಡೆಯೇಕೆ?” ಎಂದೆ. ಕೂಡಲೇ ಮೂಲೆಯಿಂದ ಉತ್ತರ ಬಂತು: “ಆನೆ ಬರೆದ ಮೇಲೆ ಚೌಕದಲ್ಲಿ ಜಾಗ ಉಳಿಯಲಿಲ್ಲ, ಸಾರ್.”

ಬರೆದವನು ಯಾರೆಂಬುದು ಗೊತ್ತಾಯಿತು. ಅಷ್ಟೇ ಅಲ್ಲ, ಚಿತ್ರಕಾರನು ಎದುರಿಸಬೇಕಾದ ದೊಡ್ಡ ಸಮಸ್ಯೆಯೊಂದು, ಎಂದರೆ ಹೇಳಬೇಕಾದುದು ಬಹಳ, ಇರುವ ಜಾಗ ಸ್ವಲ್ಪ ಎಂಬುದು, ಒಂದೇ ವಾಕ್ಯದಲ್ಲಿ ನನಗೆ ತಿಳಿಯಿತು. ಗದರಿಕೆಗೆ ಬಾಯಿ ಬಿಡದವನು ವಿನೋದಕ್ಕೆ ಬಾಯಿ ಬಿಟ್ಟಿದ್ದನು. ಕಲಾವಿದರನ್ನು ಮಾತನಾಡಿಸುವ ವಿದ್ಯೆಯ ಮೊದಲ ಪಾಠವನ್ನು ನಾನು ಕಲಿತದ್ದು ಹೀಗೆ, ನನ್ನ ವಿದ್ಯಾರ್ಥಿಯಿಂದಲೇ.

ಒಬ್ಬರನ್ನು ಕಂಡು, ಪ್ರಶ್ನೆ ಕೇಳಿ, ಉತ್ತರ ಪಡೆಯುವ ಕ್ರಮಕ್ಕೆ ಸಂದರ್ಶನವೆಂದು ಹೆಸರು. ಅದು ದೀರ್ಘವಾಗಿರಬಹುದು, ಗಂಭೀರವಾಗಿರಬಹುದು. ‘ದಿ ಕಾಮಿಕ್ಸ್ ಜರ್ನಲ್’ ಎಂಬ ಅಮೆರಿಕದ ಪತ್ರಿಕೆಯು ೧೯೭೦ರ ದಶಕದಿಂದ ಚಿತ್ರಕಥೆಗಾರರೊಡನೆ ನಡೆಸಿದ ಸುದೀರ್ಘ ಸಂದರ್ಶನಗಳಿಗಾಗಿ ಹೆಸರು ಪಡೆಯಿತು. ಆದರೆ ಇನ್ನೊಂದು ಬಗೆಯ ಸಂದರ್ಶನವೂ ಉಂಟು. ಅದು ಐದಾರು ಪ್ರಶ್ನೆಗಳಲ್ಲಿ ಮುಗಿಯುತ್ತದೆ, ನಗುನಗುತ್ತಲೇ ಸಾಗುತ್ತದೆ. “ನಿಮ್ಮ ಕಲೆಯ ಪರಮ ಧ್ಯೇಯವೇನು?” ಎಂದು ಕೇಳಿದರೆ ಬರುವುದು ಭಾಷಣ. “ಮಸಿ ಚೆಲ್ಲಿದರೆ ಏನು ಮಾಡುತ್ತೀರಿ? ನಿಮ್ಮ ಪಾತ್ರವೊಂದು ಊಟದ ಹೊತ್ತಿಗೆ ಮನೆಗೆ ಬಂದರೆ ಏನು ಬಡಿಸುತ್ತೀರಿ?” ಎಂದು ಕೇಳಿದರೆ ಬರುವುದು ಮನುಷ್ಯನ ಮಾತು. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಕೊಂಡಿರಲು ಸಾಧ್ಯ, ಎರಡನೆಯದಕ್ಕೆ ಸಾಧ್ಯವಿಲ್ಲ.

ಸ್ವತಂತ್ರ ಚಿತ್ರಕಥೆಗಾರರಿಗೆ ಇಂಥ ಪ್ರಶ್ನೆಗಳು ವಿಶೇಷವಾಗಿ ಒಪ್ಪುತ್ತವೆ. ಸ್ವತಂತ್ರರೆಂದರೆ ಯಾರು? ಚಿತ್ರಕಥೆಗಳು ನಿಮಗೆ ಹೊಸತಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ೧೯೬೭ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯ ಪುಸ್ತಕಗಳನ್ನು ನಿಮ್ಮ ಮನೆಯ ಹಿರಿಯರು ಓದಿರಬಹುದು. ಅಂಥ ಮಾಲೆಯ ಹಿಂದೆ ಒಂದು ಪ್ರಕಾಶನ ಸಂಸ್ಥೆ ಇರುತ್ತದೆ. ಅಮೆರಿಕದ ದೊಡ್ಡ ಪ್ರಕಾಶಕರಲ್ಲಿಯಂತೂ ಕಥೆ ಬರೆಯುವವರೊಬ್ಬರು, ಪೆನ್ಸಿಲಿನಲ್ಲಿ ಚಿತ್ರ ಮೂಡಿಸುವವರೊಬ್ಬರು, ಅದರ ಮೇಲೆ ಮಸಿಯ ಗೆರೆ ಎಳೆಯುವವರೊಬ್ಬರು, ಅಕ್ಷರ ತುಂಬುವವರೊಬ್ಬರು, ಬಣ್ಣ ಹಾಕುವವರೊಬ್ಬರು, ಹೀಗೆ ಕೆಲಸವು ಹಂಚಿಹೋಗಿತ್ತು. ಸ್ವತಂತ್ರ ಚಿತ್ರಕಥೆಗಾರನು ಇದೆಲ್ಲವನ್ನೂ ಬಹುಮಟ್ಟಿಗೆ ತಾನೇ ಮಾಡುತ್ತಾನೆ. ಎಷ್ಟೋ ವೇಳೆ ಅಚ್ಚಿನ ಖರ್ಚನ್ನೂ ತಾನೇ ಹೊರುತ್ತಾನೆ. ಪುಸ್ತಕ ಮೇಳಗಳಲ್ಲಿ ಒಂದು ಮೇಜಿನ ಹಿಂದೆ ಕುಳಿತು ತನ್ನ ಪುಸ್ತಕವನ್ನು ತಾನೇ ಮಾರುತ್ತಾನೆ. ಮೇಜಿನ ಈಚೆಗೆ ಬಂದು ನಿಲ್ಲುವ ಓದುಗನು ಕೇಳುವ ಕುಚೇಷ್ಟೆಯ ಪ್ರಶ್ನೆಯೇ ಅವನ ಮೊದಲ ಸಂದರ್ಶನ.

ಬನ್ನಿ, ನಾವೂ ಅಂಥ ಕೆಲವರ ಮೇಜಿನ ಮುಂದೆ ನಿಂತು ಒಂದೊಂದು ಸಣ್ಣ ಪ್ರಶ್ನೆ ಕೇಳೋಣ. ಪ್ರಶ್ನೆ ನಮ್ಮದು. ಆಡದ ಮಾತನ್ನು ಅವರ ಬಾಯಲ್ಲಿ ಇಡುವುದು ನ್ಯಾಯವಲ್ಲ. ಆದುದರಿಂದ ಅವರ ಬದುಕಿನಲ್ಲಿ ನಡೆದ ಸಂಗತಿಗಳೇ ನಮಗೆ ಉತ್ತರ ಹೇಳಲಿ.

ಮೊದಲ ಪ್ರಶ್ನೆಯನ್ನು ಸ್ವತಂತ್ರರಲ್ಲದ ಇಬ್ಬರಿಗೆ ಕೇಳಬೇಕಾಗಿದೆ. ಅವರ ಕಥೆ ತಿಳಿಯದೆ ಮಿಕ್ಕವರ ಹಟ ಅರ್ಥವಾಗುವುದಿಲ್ಲ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬುವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ತರುಣರು. ಒಬ್ಬನು ಕಥೆ ಕಟ್ಟಿದನು, ಇನ್ನೊಬ್ಬನು ಚಿತ್ರ ಬರೆದನು; ಸೂಪರ್‌ಮ್ಯಾನ್ ಹುಟ್ಟಿದನು. “ಬೆಟ್ಟವನ್ನೇ ಎತ್ತಬಲ್ಲ ನಿಮ್ಮ ವೀರನನ್ನು ಎಷ್ಟಕ್ಕೆ ಮಾರಿದಿರಿ?” ಎಂದು ಕೇಳಿದರೆ, ಉತ್ತರ: ೧೩೦ ಡಾಲರಿಗೆ. ೧೯೩೮ರಲ್ಲಿ ಪುಟಕ್ಕೆ ಹತ್ತು ಡಾಲರಿನಂತೆ ಹದಿಮೂರು ಪುಟಗಳ ಸಂಭಾವನೆ ಪಡೆದು ಅವರು ಸಹಿ ಹಾಕಿದರು. ಆ ಸಹಿಯೊಡನೆ ಪಾತ್ರದ ಸಮಸ್ತ ಹಕ್ಕುಗಳೂ ಪ್ರಕಾಶಕರಿಗೆ ಸೇರಿಹೋದುವು. ಸೂಪರ್‌ಮ್ಯಾನ್ ಕೋಟಿಗಟ್ಟಲೆ ಹಣ ತಂದನು. ಹೆತ್ತವರ ಪಾಲಿಗೆ ಅದು ದಕ್ಕಲಿಲ್ಲ. ನ್ಯಾಯಾಲಯದ ಮೆಟ್ಟಿಲೇರಿದರೂ ಪಾತ್ರದ ಹಕ್ಕು ಮರಳಲಿಲ್ಲ. ೧೯೭೫ರಲ್ಲಿ ಇಬ್ಬರ ದುಃಸ್ಥಿತಿ ಪತ್ರಿಕೆಗಳಲ್ಲಿ ಬಂದು, ಸಹಕಲಾವಿದರು ದನಿಯೆತ್ತಿದ ಮೇಲೆ, ವರ್ಷಕ್ಕೆ ತಲಾ ೨೦,೦೦೦ ಡಾಲರುಗಳ ವೇತನವೂ ಕಥೆಯೊಡನೆ ಅವರ ಹೆಸರನ್ನು ಅಚ್ಚುಮಾಡುವ ಒಪ್ಪಂದವೂ ದೊರೆತುವು. ಆ ವೇಳೆಗೆ ಚಿತ್ರ ಬರೆದ ಶುಸ್ಟರನ ಕಣ್ಣುಗಳೇ ಮಂಜಾಗಿದ್ದುವು. ೧೩೦ ಡಾಲರೆಂದು ನಮೂದಾಗಿದ್ದ ಆ ಹಳೆಯ ಚೆಕ್ಕಿನ ಕಾಗದವು ೨೦೧೨ರ ಹರಾಜಿನಲ್ಲಿ ೧,೬೦,೦೦೦ ಡಾಲರಿಗೆ ಮಾರಾಟವಾಯಿತು. ಕಾಗದಕ್ಕೆ ಬಂದ ಬೆಲೆ ಕೈಗೆ ಬರಲಿಲ್ಲ.

ಎರಡನೆಯ ಪ್ರಶ್ನೆ ರಾಬರ್ಟ್ ಕ್ರಂಬ್ ಎಂಬುವನಿಗೆ. “ಕೂಸಿನ ಗಾಡಿಯಲ್ಲಿ ಕೂಸಿನ ಬದಲು ಪುಸ್ತಕಗಳೇಕೆ?” ಅಮೆರಿಕದ ಕಾಮಿಕ್ಸ್ ಪ್ರಕಾಶಕರು ೧೯೫೪ರಲ್ಲಿ ತಮಗೆ ತಾವೇ ಒಂದು ಕಟ್ಟುಪಾಡನ್ನು ವಿಧಿಸಿಕೊಂಡಿದ್ದರು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಾರೆಂಬ ಕೂಗು ಎದ್ದುದು ಅದಕ್ಕೆ ಕಾರಣ. ಒಪ್ಪಿಗೆಯ ಮುದ್ರೆ ಇಲ್ಲದ ಪುಸ್ತಕವನ್ನು ಅಂಗಡಿಗಳಿಗೆ ತಲಪಿಸುವುದು ಕಷ್ಟವಾಗಿತ್ತು. ಆಗ ಕೆಲವರು ಮುದ್ರೆಯ ಹಂಗೇ ಬೇಡವೆಂದು ಹೊರಗೆ ನಡೆದರು. ೧೯೬೮ರಲ್ಲಿ ಕ್ರಂಬನ ‘ಜ್ಯಾಪ್ ಕಾಮಿಕ್ಸ್’ನ ಮೊದಲ ಸಂಚಿಕೆ ಹೊರಬಂದಾಗ, ಅವನೂ ಅವನ ಹೆಂಡತಿಯೂ ಅದನ್ನು ಕೂಸಿನ ತಳ್ಳುಗಾಡಿಯಲ್ಲಿಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಬೀದಿಯಲ್ಲಿ ಮಾರಿದರು. ಆ ಪುಸ್ತಕಗಳು ಪ್ರೌಢರಿಗಾಗಿ ಬರೆದವು. ಅವುಗಳಲ್ಲಿ ಆಕ್ಷೇಪಾರ್ಹವಾದುದೂ ಇತ್ತು. ಆದರೆ ಪ್ರಕಾಶಕನ ಅಪ್ಪಣೆಯಿಲ್ಲದೆಯೂ ಓದುಗನನ್ನು ಮುಟ್ಟಬಹುದೆಂಬುದನ್ನು ಆ ತಳ್ಳುಗಾಡಿ ತೋರಿಸಿಕೊಟ್ಟಿತು.

“ಚಿತ್ರ ಬರೆಯಲು ಬಾರದವನು ಚಿತ್ರಕಥೆಗಾರನಾಗುವುದು ಹೇಗೆ?” ಇದು ಹಾರ್ವೆ ಪೀಕಾರ್ ಎಂಬುವನಿಗೆ ಕೇಳತಕ್ಕ ಪ್ರಶ್ನೆ. ಇವನೂ ಕ್ಲೀವ್‌ಲ್ಯಾಂಡಿನವನೇ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕಡತಗಳನ್ನು ಜೋಡಿಸುವ ಗುಮಾಸ್ತ. ಮನುಷ್ಯನನ್ನು ಬರೆಯೆಂದರೆ ಅವನಿಗೆ ಬರುತ್ತಿದ್ದುದು ಕಡ್ಡಿ ಗೊಂಬೆ ಮಾತ್ರ. ಅವನು ಚೌಕಗಳನ್ನು ಎಳೆದು, ಕಡ್ಡಿ ಗೊಂಬೆಗಳನ್ನು ನಿಲ್ಲಿಸಿ, ಅವುಗಳ ನೆತ್ತಿಯ ಮೇಲೆ ಮಾತು ಬರೆದು ಚಿತ್ರಕಾರರ ಕೈಗೆ ಕೊಡುತ್ತಿದ್ದನು. ಗ್ರಾಮಫೋನ್ ತಟ್ಟೆಗಳ ಹುಚ್ಚಿನಿಂದ ಅವನಿಗೆ ಗೆಳೆಯನಾಗಿದ್ದ ಕ್ರಂಬನೇ ಮೊದಮೊದಲು ಅವನ್ನು ಚಿತ್ರಗಳಾಗಿ ಮಾಡಿದವರಲ್ಲಿ ಒಬ್ಬನು. ೧೯೭೬ರಲ್ಲಿ ಪೀಕಾರನು ತನ್ನ ಸಂಬಳದ ಹಣ ಹಾಕಿ ‘ಅಮೆರಿಕನ್ ಸ್ಪ್ಲೆಂಡರ್’ ಎಂಬ ಪುಸ್ತಕವನ್ನು ಹೊರತಂದನು. ಅದರಲ್ಲಿ ಹಾರುವ ವೀರರಿಲ್ಲ. ಕಚೇರಿಯ ಜಗಳ, ಅಂಗಡಿಯ ಸಾಲಿನಲ್ಲಿ ಕಾಯುವ ಬೇಸರ, ಚಳಿಗಾಲದಲ್ಲಿ ಕೆಟ್ಟುನಿಂತ ಕಾರು, ಇವೇ ವಸ್ತುಗಳು. ಸಾಮಾನ್ಯನ ದಿನಚರಿಗೂ ಚೌಕದೊಳಗೆ ಸ್ಥಾನವಿದೆಯೆಂದು ಅವನು ನಂಬಿದ್ದನು. ಹೆಸರು ಬಂದ ಮೇಲೂ ಅವನು ಗುಮಾಸ್ತಿಕೆಯನ್ನು ಬಿಡಲಿಲ್ಲ; ೨೦೦೧ರಲ್ಲಿ ನಿವೃತ್ತನಾಗುವವರೆಗೂ ಕಡತಗಳನ್ನು ಜೋಡಿಸುತ್ತಲೇ ಇದ್ದನು. ಕಥೆಯು ತನ್ನದಾಗಿ ಉಳಿಯಬೇಕಾದರೆ ಅನ್ನಕ್ಕೆ ಬೇರೆ ದಾರಿ ಬೇಕೆಂಬುದನ್ನು ಅವನು ಅರಿತಿದ್ದನು.

ಮುಂದಿನ ಮೇಜಿನ ಹಿಂದೆ ಇಬ್ಬರಿದ್ದಾರೆ: ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇಯರ್ಡ್. “ನಿಮ್ಮ ಕಾರ್ಯಾಲಯ ಎಲ್ಲಿದೆ?” ಎಂಬುದು ಅವರಿಗೆ ನಮ್ಮ ಪ್ರಶ್ನೆ. ಕಾರ್ಯಾಲಯ ಇರಲಿಲ್ಲ. ವಾಸದ ಮನೆಯೇ ಕಾರ್ಯಾಲಯ. ಅದಕ್ಕೆಂದೇ ಅವರು ತಮ್ಮ ಸಂಸ್ಥೆಗೆ ‘ಮಿರಾಜ್’ ಎಂದು, ಎಂದರೆ ಮರೀಚಿಕೆ ಎಂದು, ಹೆಸರಿಟ್ಟಿದ್ದರು. ೧೯೮೩ರ ಒಂದು ರಾತ್ರಿ ಕೆಲಸದಿಂದ ದಣಿದು, ಒಬ್ಬರನ್ನೊಬ್ಬರು ನಗಿಸಲೆಂದು, ಮುಖವಾಡ ತೊಟ್ಟು ಆಯುಧ ಹಿಡಿದ ಆಮೆಯೊಂದನ್ನು ಈಸ್ಟ್‌ಮನ್ ಗೀಚಿದನು. ಲೇಯರ್ಡ್ ಅದನ್ನು ತಿದ್ದಿದನು. ಆಮೆ ಒಂದಿದ್ದುದು ನಾಲ್ಕಾಯಿತು. ಜಗತ್ತಿನಲ್ಲೇ ನಿಧಾನಕ್ಕೆ ಹೆಸರಾದ ಪ್ರಾಣಿಯನ್ನು ಮಿಂಚಿನ ವೇಗದ ಯೋಧನನ್ನಾಗಿ ಮಾಡಿ, ಅವುಗಳಿಗೆ ಲಿಯೊನಾರ್ಡೊ, ಮೈಕೆಲಾಂಜೆಲೊ, ಡೊನಾಟೆಲ್ಲೊ, ರಾಫೆಲ್ ಎಂದು ಇಟಲಿಯ ಮಹಾಕಲಾವಿದರ ಹೆಸರುಗಳನ್ನಿಟ್ಟರು. ಆದಾಯ ತೆರಿಗೆಯಿಂದ ಹಿಂದಕ್ಕೆ ಬಂದ ಹಣ, ಬಂಧುವೊಬ್ಬರು ಕೊಟ್ಟ ಸಾಲ, ಇವೇ ಬಂಡವಾಳ. ೧೯೮೪ರ ಮೇ ತಿಂಗಳಲ್ಲಿ ಮೂರು ಸಾವಿರದಷ್ಟು ಪ್ರತಿಗಳು ಅಚ್ಚಾದುವು. ಒಳಪುಟಗಳು ಕಪ್ಪು ಬಿಳುಪು. ಬಣ್ಣಕ್ಕೆ ದುಡ್ಡು ಬೇಕಲ್ಲವೇ?

ಆ ಆಮೆಗಳು ಮುಂದೆ ಆಟಿಕೆಗಳಾದುವು, ದೂರದರ್ಶನದ ಮಾಲಿಕೆಯಾದುವು, ಚಲನಚಿತ್ರಗಳಾದುವು. ಇಲ್ಲಿಯೂ ಕೋಟಿಗಟ್ಟಲೆ ಹಣ ಬಂತು. ಆದರೆ ಸೀಗಲ್ ಮತ್ತು ಶುಸ್ಟರರ ಕಥೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ಆಮೆಗಳನ್ನು ಇವರು ಯಾರಿಗೂ ಬರೆದುಕೊಟ್ಟಿರಲಿಲ್ಲ. ಅಚ್ಚು ಹಾಕಿಸಿದವರು ತಾವೇ ಆದುದರಿಂದ ಹಕ್ಕು ತಮ್ಮದಾಗಿಯೇ ಇತ್ತು. ಲೇಯರ್ಡ್ ಈ ಹಣದಿಂದ ಇನ್ನೊಂದು ಕೆಲಸ ಮಾಡಿದನು. ೧೯೯೨ರಲ್ಲಿ ‘ಜೆರಿಕ್’ ಎಂಬ ಪ್ರತಿಷ್ಠಾನವನ್ನು ಸ್ಥಾಪಿಸಿ, ಸ್ವಂತ ಖರ್ಚಿನಲ್ಲಿ ಪುಸ್ತಕ ಹೊರತರಲು ಕಷ್ಟಪಡುತ್ತಿದ್ದ ಹೊಸ ಚಿತ್ರಕಥೆಗಾರರಿಗೆ ಧನಸಹಾಯ ನೀಡಿದನು. ಇಪ್ಪತ್ತು ವರ್ಷಗಳ ಕಾಲ ಈ ನೆರವು ನಡೆಯಿತು. ಬಂಧುವೊಬ್ಬರು ಕೊಟ್ಟ ಸಾಲವು ಹೀಗೆ ಎಷ್ಟೋ ಅಪರಿಚಿತರಿಗೆ ಸಂದಿತು. ಇದಕ್ಕೂ ಮೊದಲು, ೧೯೮೮ರಲ್ಲಿ, ಈ ಇಬ್ಬರೂ ಸೇರಿದಂತೆ ಕೆಲವು ಚಿತ್ರಕಥೆಗಾರರು ಅಮೆರಿಕದ ನಾರ್ಥಾಂಪ್ಟನ್ ಎಂಬ ಊರಿನಲ್ಲಿ ಕೂಡಿ, ಕಲಾವಿದನ ಹಕ್ಕುಗಳ ಹನ್ನೆರಡು ಅಂಶಗಳ ಘೋಷಣೆಯೊಂದನ್ನು ಸಿದ್ಧಪಡಿಸಿದರು. ಕಲಾವಿದನು ತಾನು ಪೂರ್ಣವಾಗಿ ಸೃಷ್ಟಿಸಿದುದಕ್ಕೆ ತಾನೇ ಒಡೆಯನೆಂಬುದು ಅದರ ತಿರುಳು.

ಈಗ ಆರ್ಟ್ ಸ್ಪೀಗಲ್‌ಮನ್ ಮತ್ತು ಫ್ರಾನ್ಸ್ವಾಸ್ ಮೂಲಿ ದಂಪತಿಗಳ ಮೇಜು. ಅವರಿಗೊಂದು ತುಂಟ ಪ್ರಶ್ನೆ: “ಹೊಸ ಪುಸ್ತಕದ ಮುಖಪುಟವನ್ನು ನೀವೇ ಹರಿದಿರೇಕೆ?” ಇವರು ೧೯೮೦ರಲ್ಲಿ ನ್ಯೂಯಾರ್ಕಿನಲ್ಲಿ ‘ರಾ’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಅದರ ಏಳನೆಯ ಸಂಚಿಕೆಯ ಪ್ರತಿಯೊಂದು ಪ್ರತಿಯ ಮುಖಪುಟದ ಮೂಲೆಯನ್ನೂ ಕೈಯಿಂದಲೇ ಹರಿದು, ಹರಿದ ಚೂರನ್ನು ಒಳಗೆ ಅಂಟಿಸಿದರು. ಸಾವಿರಾರು ಪ್ರತಿಗಳಿದ್ದರೂ ಒಂದರಂತೆ ಇನ್ನೊಂದಿಲ್ಲ! ಯಂತ್ರದಿಂದ ಬಂದ ವಸ್ತುವಿಗೂ ಕೈಯ ಗುರುತು ಬೇಕೆಂಬ ಛಲ ಅದು.

ಆದರೆ ವಿನೋದವು ಬಾಗಿಲು ತೆರೆಯಬಲ್ಲುದೇ ಹೊರತು, ಒಳಗಿರುವುದೆಲ್ಲವೂ ವಿನೋದವೆಂದು ಭಾವಿಸಬಾರದು. ಅದೇ ಪತ್ರಿಕೆಯಲ್ಲಿ ಸ್ಪೀಗಲ್‌ಮನ್‌ನ ‘ಮೌಸ್’ ಎಂಬ ಕೃತಿ ಕಂತುಕಂತಾಗಿ ಬಂತು. ಅದು ಆದ್ಯಂತವಾಗಿ ಒಂದು ಸಂದರ್ಶನವೇ. ಕೇಳುವವನು ಮಗ, ಹೇಳುವವನು ಹಿಟ್ಲರನ ಆಳ್ವಿಕೆಯಲ್ಲಿ ಆಷ್‌ವಿಟ್ಸ್ ಸೆರೆಶಿಬಿರವನ್ನು ಕಂಡು ಬದುಕಿ ಬಂದ ಯೆಹೂದ್ಯ ತಂದೆ. ಸುಮಾರು ಅರುವತ್ತು ಲಕ್ಷ ಯೆಹೂದ್ಯರು ಕೊಲೆಯಾದ ಆ ಕಾಲವನ್ನು ಕುರಿತು ನೇರವಾಗಿ ಕೇಳಿದರೆ ಯಾರು ತಾನೇ ಹೇಳಿಯಾರು? ತಂದೆಯು ವ್ಯಾಯಾಮದ ಸೈಕಲ್ಲನ್ನು ತುಳಿಯುತ್ತಿದ್ದಾನೆ, ಮಾತ್ರೆಗಳನ್ನು ಎಣಿಸುತ್ತಿದ್ದಾನೆ, ನಡುನಡುವೆ ಮಗನನ್ನು ಗದರಿಸುತ್ತಿದ್ದಾನೆ. ಇವುಗಳ ಮಧ್ಯದಲ್ಲಿಯೇ ಭೀಕರವಾದ ಇತಿಹಾಸವು ತುಣುಕುತುಣುಕಾಗಿ ಹೊರಬೀಳುತ್ತದೆ. ಯೆಹೂದ್ಯರನ್ನು ಇಲಿಗಳನ್ನಾಗಿ, ನಾತ್ಸಿಗಳನ್ನು ಬೆಕ್ಕುಗಳನ್ನಾಗಿ ಚಿತ್ರಿಸಿದ ಈ ಕೃತಿಯನ್ನು ಪ್ರಕಾಶಕರು ಹಲವರು ತಿರಸ್ಕರಿಸಿದ್ದರು. ಎರಡು ಸಂಪುಟಗಳಾಗಿ ೧೯೮೬ರಲ್ಲಿಯೂ ೧೯೯೧ರಲ್ಲಿಯೂ ಪ್ರಕಟವಾದ ಅದಕ್ಕೆ ೧೯೯೨ರಲ್ಲಿ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಸ್ವಂತದ ಪತ್ರಿಕೆಯೊಂದು ಇಲ್ಲದಿದ್ದರೆ ಆ ಇಲಿಗಳು ಎಲ್ಲಿ ತಲೆ ಮರೆಸಿಕೊಳ್ಳಬೇಕಾಗಿತ್ತೋ!

ನಮ್ಮ ದೇಶದಲ್ಲಿ ಇಂಥವರಿಲ್ಲವೇ ಎಂದು ನೀವು ಕೇಳಬಹುದು. ೧೯೯೪ರಲ್ಲಿ ಓರಿಜಿತ್ ಸೇನ್ ಅವರು ‘ರಿವರ್ ಆಫ್ ಸ್ಟೋರೀಸ್’ ಎಂಬ ಚಿತ್ರಕಾದಂಬರಿಯನ್ನು ಹೊರತಂದರು. ಕಲ್ಪವೃಕ್ಷ ಎಂಬ ಪರಿಸರ ಸಂಘಟನೆಯು ಅದನ್ನು ಪ್ರಕಟಿಸಿತು. ಭಾರತದ ಮೊದಲ ಚಿತ್ರಕಾದಂಬರಿಯೆಂದು ಅದನ್ನು ಅನೇಕರು ಗುರುತಿಸುತ್ತಾರೆ. “ನಿಮ್ಮ ಕಥೆಯಲ್ಲಿ ಯಾರ ಮಾತು ಹೆಚ್ಚು?” ಎಂದು ಅವರನ್ನು ಕೇಳಿದರೆ, ಪುಸ್ತಕವೇ ಉತ್ತರ ಹೇಳುತ್ತದೆ. ನರ್ಮದೆಯ ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವ ಆದಿವಾಸಿಗಳ ಕಥೆ ಅದು. ಅಲ್ಲಿ ಹಾಡುಗಾರನೊಬ್ಬನು ನದಿಯ ಹುಟ್ಟನ್ನು ಹಾಡುತ್ತಾನೆ. ಪತ್ರಕರ್ತನೊಬ್ಬನು ಜನರನ್ನು ಕಂಡು ವಿಚಾರಿಸುತ್ತಾನೆ. ಇಲ್ಲಿಯೂ ಒಬ್ಬನು ಕೇಳುವವನೇ! ಬಹುಕಾಲ ಪ್ರತಿಗಳೇ ಸಿಕ್ಕದಂತಾಗಿದ್ದ ಈ ಪುಸ್ತಕವು ೨೦೨೨ರಲ್ಲಿ ಮತ್ತೆ ಅಚ್ಚಾಯಿತು.

ನಾವು ಕೇಳಿದ ಪ್ರಶ್ನೆಗಳೆಲ್ಲವೂ ಚಿಕ್ಕವು. ಎಷ್ಟಕ್ಕೆ ಮಾರಿದಿರಿ, ಗಾಡಿಯಲ್ಲೇನಿದೆ, ಕಾರ್ಯಾಲಯ ಎಲ್ಲಿದೆ, ಕಾಗದ ಹರಿದಿರೇಕೆ, ಇಷ್ಟೇ. ಆದರೆ ಪ್ರತಿಯೊಂದು ಉತ್ತರವೂ ಸುತ್ತಿ ಬಳಸಿ ಒಂದೇ ಕಡೆಗೆ ಬರುವುದನ್ನು ನೀವು ಗಮನಿಸಿರಬಹುದು. ಕೈ ಎಳೆದ ಗೆರೆಯು ಯಾರಿಗೆ ಸೇರಿದುದು ಎಂಬುದೇ ಆ ಕಡೆ. ಅದು ತಮ್ಮದಾಗಿರಬೇಕೆಂದು ಕೆಲವರು ಬಣ್ಣವನ್ನು ಬಿಟ್ಟರು, ಕೆಲವರು ಸಾಲ ಮಾಡಿದರು, ಕೆಲವರು ಜೀವಮಾನವೆಲ್ಲ ಗುಮಾಸ್ತಿಕೆ ಮಾಡಿದರು. “ಕಲಾವಿದನ ಸ್ವಾತಂತ್ರ್ಯವೆಂದರೇನು?” ಎಂದು ನೇರವಾಗಿ ಕೇಳಿದ್ದರೆ ನಮಗೆ ಈ ಸಂಗತಿಗಳು ಸಿಕ್ಕುತ್ತಿರಲಿಲ್ಲ.

ನೀವೂ ಎಂದಾದರೂ ಒಬ್ಬ ಚಿತ್ರಕಾರನನ್ನೋ, ಕುಂಬಾರನನ್ನೋ, ಬಡಗಿಯನ್ನೋ ಮಾತನಾಡಿಸಬೇಕಾಗಿ ಬರಬಹುದು. ಅವರು ಮಾಡಿದ ವಸ್ತುವನ್ನು ಮೊದಲು ಚೆನ್ನಾಗಿ ನೋಡಿರಿ. ಅದರಲ್ಲಿ ನಿಮಗೆ ನಗು ತರಿಸಿದ ಅಥವಾ ಸೋಜಿಗ ಹುಟ್ಟಿಸಿದ ಒಂದು ಚಿಕ್ಕ ಅಂಶವನ್ನು ಹಿಡಿದು ಪ್ರಶ್ನೆ ಕೇಳಿರಿ. ಉತ್ತರ ಬರುವಾಗ ಮಧ್ಯೆ ಬಾಯಿ ಹಾಕಬೇಡಿರಿ. ನೋಡದೆ ಕೇಳಿದ ಪ್ರಶ್ನೆ ಕುಚೋದ್ಯವಾಗುತ್ತದೆ. ನೋಡಿ ಕೇಳಿದ ಪ್ರಶ್ನೆ ಗೌರವವಾಗುತ್ತದೆ.

ಆನೆಯ ಪುಸ್ತಕದ ಸಂಗತಿಯನ್ನು ಅರ್ಧಕ್ಕೇ ಬಿಟ್ಟೆನಲ್ಲವೇ? ಅದನ್ನು ನಾನು ಮನೆಗೆ ಒಯ್ದು ರಾತ್ರಿ ಪೂರ್ತಿಯಾಗಿ ಓದಿದೆ. ಕೊನೆಯ ಪುಟದಲ್ಲಿ ಮೂವರು ಹುಡುಗರ ಹೆಸರುಗಳಿದ್ದುವು. ಒಬ್ಬನು ಚಿತ್ರ ಬರೆದವನು, ಒಬ್ಬನು ಮಾತು ಬರೆದವನು, ಒಬ್ಬನು ದಾರ ಹೊಲಿದವನು. ಕೆಳಗೆ, “ಬಾಡಿಗೆ ದಿನಕ್ಕೆ ಹತ್ತು ಪೈಸೆ” ಎಂದಿತ್ತು. ಮರುದಿನ ಬೆಳಗ್ಗೆ ಚಿತ್ರ ಬರೆದ ಹುಡುಗನು ಉಪಾಧ್ಯಾಯರ ಕೊಠಡಿಯ ಬಾಗಿಲಲ್ಲಿ ಬಂದು ನಿಂತನು. “ಸಾರ್, ಪುಸ್ತಕ ಕೊಡಿ. ಅದು ನಮ್ಮದು” ಎಂದನು. ಆ ಮಾತು ಅಂದು ನನಗೆ ಉದ್ಧಟತನವಾಗಿ ಕಂಡಿತು. ಸೀಗಲ್ ಮತ್ತು ಶುಸ್ಟರರ ವೃತ್ತಾಂತವನ್ನು ಓದಿದುದು ಎಷ್ಟೋ ವರ್ಷಗಳ ಮೇಲೆ; ಅವರಿಬ್ಬರೂ ಆಡಲಾಗದೆ ಹೋದ ಮಾತನ್ನು ಆ ಹುಡುಗನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆಡಿದ್ದನೆಂದು ಆಗ ಹೊಳೆಯಿತು.

ಪುಣ್ಯಕ್ಕೆ ಅಂದೇ ಪುಸ್ತಕವನ್ನು ಹಿಂದಕ್ಕೆ ಕೊಟ್ಟಿದ್ದೆ. ಒಂದು ರಾತ್ರಿ ಇಟ್ಟುಕೊಂಡುದಕ್ಕೆ ಬಾಡಿಗೆಯೆಂದು ಹತ್ತು ಪೈಸೆಯನ್ನೂ ಅದರ ಮೇಲಿಟ್ಟೆ. ಹುಡುಗನು ನಾಣ್ಯವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಎರಡನ್ನೂ ತೆಗೆದುಕೊಂಡು ಹೋದನು.